ಹೇಮಾವತಿಯ ಪಾಲು, ಹೇಮಾವತಿಯ ಮಳೆ

ಗುಬ್ಬಿ ತಾಲ್ಲೂಕಿನಲ್ಲಿ 2025ರ ಮೇ 31ರಂದು ನಿಷೇಧಾಜ್ಞೆ ಜಾರಿಯಲ್ಲಿತ್ತು. ಅದನ್ನು ಲೆಕ್ಕಿಸದೆ ರೈತರು, ಮಠಾಧೀಶರು, ಬಿಜೆಪಿ ಹಾಗೂ ಜೆಡಿಎಸ್ ಮುಖಂಡರು ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿಯ ಜಾಗದತ್ತ ಹೊರಟರು. ಪೊಲೀಸರೂ ಪ್ರತಿಭಟನಕಾರರೂ ಮುಖಾಮುಖಿಯಾದರು. ಅತ್ತ ಕುಣಿಗಲ್‌ನಲ್ಲಿ ಅದೇ ಕಾಮಗಾರಿ ಬೇಗ ಮುಗಿಯಲಿ ಎಂಬ ಒತ್ತಾಯ. ಒಂದೇ ಜಿಲ್ಲೆಯ ಎರಡು ತಾಲ್ಲೂಕು, ಒಂದೇ ನಾಲೆಯ ನೀರನ್ನು ನಂಬಿದ ಜನ ಎದುರುಬದುರಾಗಿ ನಿಂತರು.

ಎರಡೂ ಕಡೆಯ ಮಾತಿನಲ್ಲಿ ನ್ಯಾಯವಿದೆ. ಕುಣಿಗಲ್ ತಾಲ್ಲೂಕು ನಾಲೆಯ ಕೊನೆಯಲ್ಲಿದೆ. ತನಗೆಂದು ನಿಗದಿಯಾದ ಸುಮಾರು 3 ಟಿಎಂಸಿ ನೀರು ಕಾಗದದ ಮೇಲಿದೆಯೇ ಹೊರತು ಕೆರೆಗೆ ಬಂದದ್ದು ಕಡಿಮೆ ಎಂಬುದು ಅಲ್ಲಿನವರ ದಶಕಗಳ ಸಂಕಟ. ನಾಲೆಯ 70ನೇ ಕಿಲೋಮೀಟರ್ ಆಸುಪಾಸಿನಿಂದ ಪೈಪ್‌ನಲ್ಲಿ ನೇರವಾಗಿ ನೀರು ಒಯ್ದರೆ ನಡುವಿನ ಸೋರಿಕೆ, ಎಳೆದಾಟ ತಪ್ಪುತ್ತದೆ ಎಂದು ಅವರು ಹೇಳುತ್ತಾರೆ. ಗುಬ್ಬಿ, ತುರುವೇಕೆರೆ, ತುಮಕೂರು ಭಾಗದವರ ಭಯ ಬೇರೆ. ನೀರು ಕಡಿಮೆಯಾದ ವರ್ಷ ಮೇಲಿನಿಂದಲೇ ಪೈಪ್ ಎಳೆದುಕೊಂಡರೆ ತಮ್ಮ ಕೆರೆಗಳ ಗತಿಯೇನು, ಆ ನೀರು ಕುಣಿಗಲ್ ದಾಟಿ ಮಾಗಡಿಗೆ ಹರಿದರೆ ಕೇಳುವವರು ಯಾರು ಎಂದು ಅವರು ಕೇಳುತ್ತಿದ್ದಾರೆ. 2018–19ರ ಮೈತ್ರಿ ಸರ್ಕಾರ ಈ ಯೋಜನೆಯನ್ನು ಮುಂದಿಟ್ಟಿತ್ತು, ಆಮೇಲೆ ಬಂದ ಬಿಜೆಪಿ ಸರ್ಕಾರ ಕೈಬಿಟ್ಟಿತು, 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಸುಮಾರು 1,000 ಕೋಟಿ ರೂಪಾಯಿಯ ಅಂದಾಜಿನೊಂದಿಗೆ ಮತ್ತೆ ಎತ್ತಿಕೊಂಡಿತು. ಅಂದು ಮೈತ್ರಿಯಲ್ಲಿದ್ದ ಜೆಡಿಎಸ್‌ನ ಜಿಲ್ಲಾ ಮುಖಂಡರು ಇಂದು ವಿರೋಧದ ಸಾಲಿನಲ್ಲಿದ್ದಾರೆ.

ಇಷ್ಟೆಲ್ಲ ಭಾಷಣ, ಬಂದ್, ಪಾದಯಾತ್ರೆಗಳ ನಡುವೆ ಒಂದು ಪ್ರಶ್ನೆ ಮಾತ್ರ ಯಾವ ವೇದಿಕೆಯ ಮೇಲೂ ಗಟ್ಟಿಯಾಗಿ ಕೇಳಿಬರಲಿಲ್ಲ. ಮುಂದಿನ ಇಪ್ಪತ್ತು, ಮೂವತ್ತು ವರ್ಷಗಳಲ್ಲಿ ಹೇಮಾವತಿಯಲ್ಲಿ ಎಷ್ಟು ನೀರಿರುತ್ತದೆ? ಪಾಲು ಎಷ್ಟು ಎಂದು ಎಲ್ಲರೂ ಕೇಳಿದರು, ಪಾಲು ಮಾಡಲು ಎಷ್ಟು ಉಳಿದೀತು ಎಂದು ಕೇಳಿದವರು ವಿರಳ. ಹವಾಮಾನ ಬದಲಾವಣೆಯ ಬಗ್ಗೆ ನಮ್ಮ ಸಮಾಜಕ್ಕಿರುವ ಉದಾಸೀನ ಎಂಥದ್ದು ಎಂದು ತಿಳಿಯಲು ಧ್ರುವಪ್ರದೇಶದ ಹಿಮದವರೆಗೆ ಹೋಗಬೇಕಿಲ್ಲ, ಗುಬ್ಬಿಯಿಂದ ಕುಣಿಗಲ್‌ವರೆಗಿನ ಈ ಜಗಳವೇ ಸಾಕು.

ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬೆಟ್ಟಸಾಲಿನಲ್ಲಿ. ಸಕಲೇಶಪುರದ ಮಳೆಯನ್ನು ಕಟ್ಟಿಕೊಂಡು ಗೊರೂರಿನ ಜಲಾಶಯಕ್ಕೆ ಬರುತ್ತದೆ. ಆ ಜಲಾಶಯದ ಸಾಮರ್ಥ್ಯ 37.10 ಟಿಎಂಸಿ, ಅದರಿಂದ ತುಮಕೂರು ಜಿಲ್ಲೆಗೆ ಇರುವ ಹಂಚಿಕೆ ಸುಮಾರು 25 ಟಿಎಂಸಿ. ತುಮಕೂರು ನಗರ ಹಿಂದೆ ಮೈದಾಳ ಕೆರೆಯ ನೀರು ಕುಡಿಯುತ್ತಿತ್ತು. ಇಂದು ಬುಗುಡನಹಳ್ಳಿ ಕೆರೆಗೆ ಬಂದು ನಿಲ್ಲುವ ಹೇಮಾವತಿಯೇ ನಗರಕ್ಕೆ ಆಧಾರ. ಅಂದರೆ ತುಮಕೂರಿನ ನಲ್ಲಿ, ಗುಬ್ಬಿಯ ತೆಂಗು, ಕುಣಿಗಲ್ ದೊಡ್ಡಕೆರೆಯ ನಿರೀಕ್ಷೆ, ಮೂರಕ್ಕೂ ಬೇರು ಪಶ್ಚಿಮಘಟ್ಟದ ಮಳೆಯಲ್ಲಿದೆ.

ಆ ಮಳೆಯ ಬಗ್ಗೆ ವಿಜ್ಞಾನ ಹೇಳುವುದೇನು? ಕೇಂದ್ರ ಭೂ ವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಭಾರತದ ಸರಾಸರಿ ತಾಪಮಾನ 0.7 ಡಿಗ್ರಿ ಸೆಲ್ಸಿಯಸ್ ಏರಿದೆ. 1951ರಿಂದ 2015ರ ಅವಧಿಯಲ್ಲಿ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ. ಆ ಇಳಿಕೆ ಎದ್ದು ಕಾಣುವ ಎರಡು ಪ್ರದೇಶಗಳೆಂದು ವರದಿ ಹೆಸರಿಸಿದ್ದು ಗಂಗಾ ಬಯಲು ಮತ್ತು ಪಶ್ಚಿಮಘಟ್ಟ. ಇದು ಸರ್ಕಾರದ್ದೇ ವರದಿ, ಸರ್ಕಾರದ್ದೇ ವಿಜ್ಞಾನಿಗಳು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಳೆಯ ಮೂವತ್ತು ವರ್ಷಗಳ ಮಳೆಯನ್ನು 1991ರ ನಂತರದ ಮಳೆಯೊಂದಿಗೆ ಹೋಲಿಸಿದಾಗಲೂ ಮಲೆನಾಡಿನಲ್ಲಿ ಇಳಿಕೆ, ದಕ್ಷಿಣ ಒಳನಾಡಿನಲ್ಲಿ ಸ್ವಲ್ಪ ಏರಿಕೆ ಕಂಡಿದೆ. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದಿಡುವುದರಿಂದ ಮುಂದಿನ ದಶಕಗಳಲ್ಲಿ ಒಟ್ಟು ಮುಂಗಾರು ಹೆಚ್ಚಬಹುದೆಂದೂ, ಆದರೆ ಅದು ಕೆಲವೇ ದಿನಗಳಲ್ಲಿ ಜಡಿಮಳೆಯಾಗಿ ಸುರಿದು ನಡುವೆ ಒಣ ಅಂತರ ಉದ್ದವಾಗಬಹುದೆಂದೂ ಮಾದರಿಗಳು ಹೇಳುತ್ತವೆ. ವಿಜ್ಞಾನ ಇಲ್ಲಿ ಒಂದೇ ಸಾಲಿನ ಉತ್ತರ ಕೊಡುವುದಿಲ್ಲ. ಆದರೆ ಒಂದನ್ನು ನಿಸ್ಸಂಶಯವಾಗಿ ಹೇಳುತ್ತದೆ: ಹಳೆಯ ಮಳೆಯ ಲೆಕ್ಕ ಇಟ್ಟುಕೊಂಡು ಮುಂದಿನ ನೀರಿನ ಲೆಕ್ಕ ಹಾಕಲಾಗದು.

ನಮ್ಮ ಎಲ್ಲ ಪಾಲುಗಳೂ ಹಳೆಯ ಲೆಕ್ಕದವೇ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಕೊಳ್ಳದ ಒಟ್ಟು ನೀರನ್ನು 740 ಟಿಎಂಸಿ ಎಂದು ಎಣಿಸಿದ್ದು ಶೇ 50ರ ಭರವಸೆಯ ಮೇಲೆ. ಅಂದರೆ ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ಸಿಕ್ಕೀತು ಎಂಬ ಅಂದಾಜು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ಏರಿಸಿದಾಗಲೂ ಈ ಮೂಲ ಅಂಕಿ ಹಾಗೇ ಉಳಿಯಿತು. ಸಂಕಷ್ಟದ ವರ್ಷ ಹೇಗೆ ಹಂಚಿಕೊಳ್ಳಬೇಕೆಂಬ, ಕಾವೇರಿ ಕೊಳ್ಳದ ರಾಜ್ಯಗಳು ಒಪ್ಪುವ ಸೂತ್ರ ಇನ್ನೂ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ನಡೆದದ್ದು ಅದಕ್ಕೇ. ರಾಜ್ಯ ರಾಜ್ಯಗಳ ನಡುವೆ ಇಲ್ಲದ ಸೂತ್ರ ಗುಬ್ಬಿ ಮತ್ತು ಕುಣಿಗಲ್ ನಡುವೆಯೂ ಇಲ್ಲ. ಲಿಂಕ್ ಕೆನಾಲ್ ಬೇಕೋ ಬೇಡವೋ ಎಂಬುದಕ್ಕಿಂತ ಇದು ದೊಡ್ಡ ಕೊರತೆ ಎಂದು ನನ್ನ ಖಚಿತ ಅಭಿಪ್ರಾಯ.

ಜನರಿಗೆ ಬದಲಾವಣೆ ಗೊತ್ತಿಲ್ಲ ಎನ್ನುವುದು ಸುಳ್ಳು. ಗುಬ್ಬಿ ಬಸ್ ನಿಲ್ದಾಣದ ಬಳಿಯ ಯಾವುದೇ ಟೀ ಅಂಗಡಿಯಲ್ಲಿ ಮಳೆಯ ಮಾತೆತ್ತಿ ನೋಡಿ. "ಕಾಲ ಕೆಟ್ಟೋಯ್ತು ಕಣಣ್ಣ, ಯಾವ ಮಳೆ ಯಾವಾಗ ಬತ್ತೈತೋ ಗೊತ್ತಾಗಲ್ಲ" ಎಂಬ ಮಾತು ಬರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ನಂಬಿದ ತಲೆಮಾರು ಇನ್ನೂ ಬದುಕಿದೆ. ಮಳೆ ತಡವಾದ ವರ್ಷ ರೈತ ದೀರ್ಘಾವಧಿಯ ರಾಗಿ ಬಿಟ್ಟು ಎಂಎಲ್-365ರಂಥ ಬೇಗ ಕೊಯ್ಲಿಗೆ ಬರುವ ತಳಿ ಹುಡುಕುತ್ತಾನೆ. 2021ರ ನವೆಂಬರ್‌ನಲ್ಲಿ ಸುರಿದ ಅಕಾಲ ಮಳೆ ತುಮಕೂರು ಜಿಲ್ಲೆಯ ರಾಗಿಯನ್ನು ಹಾಳುಮಾಡಿದ್ದು ಯಾರಿಗೂ ಮರೆತಿಲ್ಲ. ಕೊಯ್ದು ಹಾಕಿದ ತೆನೆ ಹೊಲದಲ್ಲೇ ಮೊಳಕೆಯೊಡೆದು, ಮೆದೆಗೆ ಹಾಕಬೇಕಾದ ಹುಲ್ಲು ಕಪ್ಪಾಗಿ ದನ ಮೂಸದಂತಾಯಿತು. ಮರುವರ್ಷವೂ ಧಾರಾಳ ಮಳೆ, ಕೆರೆಗಳು ಕೋಡಿ ಬಿದ್ದವು. ಅದರ ಮರುವರ್ಷ, 2023ರಲ್ಲಿ, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಆ ಬರಕ್ಕೆ ಎಲ್ ನಿನೊ ಕಾರಣವಾಗಿತ್ತು, ಅದೊಂದನ್ನೇ ಹವಾಮಾನ ಬದಲಾವಣೆ ಎಂದು ಕರೆದರೆ ತಪ್ಪಾಗುತ್ತದೆ. ಆದರೆ ಬೆನ್ನುಬೆನ್ನಿಗೆ ಬಂದ ಇಂಥ ಏರಿಳಿತಗಳೇ ರೈತನ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತಿವೆ.

ಯೇಲ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ ಪ್ರಕಟಿಸಿದ ಭಾರತದ ಸಮೀಕ್ಷೆಯೂ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತು. ಶೇ 54ರಷ್ಟು ಜನ ಭೂಮಿ ಬಿಸಿಯಾಗುವ ವಿಷಯ ಸ್ವಲ್ಪ ಮಾತ್ರ ಗೊತ್ತು, ಇಲ್ಲವೇ ಕೇಳಿಯೇ ಇಲ್ಲ ಎಂದರು. ಸರಳವಾಗಿ ವಿವರಿಸಿದ ಮೇಲೆ ಶೇ 84ರಷ್ಟು ಜನ ಹೌದು, ಇದು ನಡೆಯುತ್ತಿದೆ ಎಂದು ಒಪ್ಪಿದರು. ಅಮೆರಿಕದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ 1988ರಲ್ಲೇ ಸಂಸತ್ತಿನ ಸಮಿತಿಯ ಮುಂದೆ ಎಚ್ಚರಿಸಿದ್ದರು. ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970ರ ದಶಕದ ಕೊನೆಯಿಂದಲೇ ಭೂಮಿ ಎಷ್ಟು ಬಿಸಿಯಾಗಲಿದೆ ಎಂದು ಸರಿಯಾಗಿಯೇ ಅಂದಾಜಿಸಿದ್ದರೆಂದು 2023ರಲ್ಲಿ 'ಸೈನ್ಸ್' ಪತ್ರಿಕೆಯ ಅಧ್ಯಯನ ತೋರಿಸಿತು. ಆದರೂ ದಶಕಗಳ ಕಾಲ ಅನುಮಾನ ಬಿತ್ತಿದ್ದರಿಂದ, ಯಾವ ಪಕ್ಷಕ್ಕೆ ಮತ ಹಾಕುತ್ತೀರಿ ಎಂಬುದರ ಮೇಲೆ ಭೂಮಿ ಬಿಸಿಯಾಗುತ್ತಿದೆಯೇ ಎಂಬ ಉತ್ತರ ನಿಲ್ಲುವಂತಾಯಿತು. ನಮ್ಮಲ್ಲಿ ಅಲ್ಲಗಳೆಯುವವರು ಕಡಿಮೆ. ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಹೊಣೆ ಹೊರುವುದಿಲ್ಲ. ನಮ್ಮ ರೋಗ ಇದು, ಇದಕ್ಕೆ ಅಮೆರಿಕದ ಔಷಧ ನಾಟುವುದಿಲ್ಲ.

ಯಾಕೆ ಹೀಗೆ? ಮೊದಲ ಕಾರಣ ಕಾಲದ ಅಂತರ. ತೆಂಗನ್ನೇ ನೋಡಿ. ಒಂದು ವರ್ಷ ಬರ ತಟ್ಟಿದರೆ ಅದರ ಪೆಟ್ಟು ಕಾಯಿಯ ಮೇಲೆ ಎರಡು, ಮೂರು ವರ್ಷಗಳವರೆಗೂ ಕಾಣುತ್ತದೆ. ಹೊಂಬಾಳೆ ಒಳಗೆ ರೂಪುಗೊಳ್ಳುವಾಗಲೇ ನೀರಿಲ್ಲದೆ ಸೊರಗಿದರೆ ಮುಂದೆ ಹೀಚು ಉದುರುತ್ತದೆ, ಗೊನೆ ಬರಿದಾಗುತ್ತದೆ. ಮೇಲೆ ಬಿಳಿ ನೊಣ, ಕಪ್ಪು ತಲೆ ಹುಳು. ಸುರುಳಿ ಬಿಳಿ ನೊಣ ದಕ್ಷಿಣ ಭಾರತಕ್ಕೆ ಕಾಲಿಟ್ಟಿದ್ದೇ 2016ರಲ್ಲಿ, ಒಣ ಹವೆಯಲ್ಲಿ ಅದು ಹಬ್ಬುವ ವೇಗ ತೆಂಗು ಬೆಳೆಗಾರರಿಗೆಲ್ಲ ಗೊತ್ತು. 2025ರಲ್ಲಿ ತೆಂಗಿನಕಾಯಿ, ಕೊಬ್ಬರಿಗೆ ಹಿಂದೆಂದೂ ಕಾಣದ ದರ ಬಂದಾಗ ಮಾರುಕಟ್ಟೆಯ ಮಾತೆಲ್ಲ ದರದ ಸುತ್ತಲೇ ಇತ್ತು. ಮರದಲ್ಲಿ ಕಾಯಿ ಇಲ್ಲದ್ದು, ಅದಕ್ಕೆ ಹಿಂದಿನ ಬರವೂ ಒಂದು ಕಾರಣವಾದದ್ದು ಮಾತಿನಿಂದ ಜಾರಿಹೋಯಿತು. ಕಾರಣ ಒಂದು ವರ್ಷ, ಫಲ ಇನ್ನೊಂದು ವರ್ಷ ಬಂದರೆ ಎರಡನ್ನೂ ಜೋಡಿಸಿ ನೋಡುವುದು ಕಷ್ಟ.

ಎರಡನೆಯದು ಕೊಳವೆಬಾವಿ. ಮಳೆ ಕೈಕೊಟ್ಟಾಗ ಅದರ ಅರಿವು ತಕ್ಷಣ ಆಗದಂತೆ ಅದು ನಮ್ಮನ್ನು ಕಾಪಾಡುತ್ತ ಬಂದಿದೆ. ನೀರು ಇಳಿದಂತೆ ಇನ್ನಷ್ಟು ಆಳಕ್ಕೆ ಕೊರೆಸುವುದು, ಸಾಲ ಮಾಡುವುದು, ಮತ್ತೆ ಕೊರೆಸುವುದು. ನಷ್ಟ ಪ್ರತಿಯೊಂದು ಮನೆಯೊಳಗೆ ಬೇರೆಬೇರೆಯಾಗಿ ಆಗುತ್ತದೆ. ಕೆರೆ ಒಡೆದರೆ ಊರೇ ಸೇರುತ್ತಿತ್ತು, ಬೋರ್ ಬತ್ತಿದರೆ ಮನೆಯವರಷ್ಟೇ ಅಳುತ್ತಾರೆ. ನೀರುಗಂಟಿ ತೂಬು ಎತ್ತಿ ಊರಿಗೆಲ್ಲ ನೀರು ಹಂಚುತ್ತಿದ್ದ ವ್ಯವಸ್ಥೆ ಸಡಿಲವಾದ ಮೇಲೆ ನೀರಿನ ಸಾಮೂಹಿಕ ಲೆಕ್ಕವೂ ಸಡಿಲವಾಯಿತು.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ರಾಜಕಾರಣ ಮಳೆಯನ್ನು ಸ್ವಂತ ಖಾತೆಗೆ ಬರೆದುಕೊಳ್ಳುವ ರೀತಿ. ಕೆರೆ ತುಂಬಿದ ವರ್ಷ ಬಾಗಿನ ಅರ್ಪಿಸಲು ಮುಖಂಡರು ಮುಂದೆ, ಬ್ಯಾನರ್ ತುಂಬ 'ಆಧುನಿಕ ಭಗೀರಥ'ರು. ಕೆರೆ ಬತ್ತಿದ ವರ್ಷ ತಪ್ಪು ಹಿಂದಿನ ಸರ್ಕಾರದ್ದು, ಇಲ್ಲವೇ ಪಕ್ಕದ ತಾಲ್ಲೂಕಿನದು. ಮೋಡಕ್ಕೆ ಮತ ಇಲ್ಲದ್ದರಿಂದ ಮೋಡದ ಮಾತು ಬರುವುದೇ ಇಲ್ಲ. ಶಿಂಷೆಗೆ ಅಡ್ಡಲಾಗಿ ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯ ಕಟ್ಟಿದ ಕಾಲದ ಎಂಜಿನಿಯರುಗಳು ನೀರು ಮಿತಿಮೀರಿದರೆ ತಾನಾಗಿಯೇ ಹೊರಹೋಗುವ ಸೈಫನ್ ಇಟ್ಟರು. ಬರಬಹುದಾದ ಅತಿರೇಕವನ್ನು ಮೊದಲೇ ಎಣಿಸಿ ಕಟ್ಟುವುದು ಅವರಿಗೆ ಕೆಲಸದ ಭಾಗವಾಗಿತ್ತು. ಇಂದು ನಾಲೆಗೆ ಅಡಿಗಲ್ಲು ಹಾಕುವಾಗ ಅಂಥ ಎಣಿಕೆ ಜನರ ಮುಂದೆ ಬರುತ್ತಿಲ್ಲ.

ಅಂಕಿಅಂಶ ಪಕ್ಷದ ವಸ್ತುವಾದರೆ ಏನಾಗುತ್ತದೆ ಎಂಬುದಕ್ಕೆ ಬಯಲುಸೀಮೆಗೆ ನೀರೊಯ್ಯುವ ಎತ್ತಿನಹೊಳೆ ಯೋಜನೆ ದೊಡ್ಡ ಸಾಕ್ಷಿ. ಸಕಲೇಶಪುರದ ಹೊಳೆಗಳಿಂದ 24.01 ಟಿಎಂಸಿ ನೀರು ಸಿಗುತ್ತದೆ ಎಂದು ಸರ್ಕಾರ ಹೇಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಅಧ್ಯಯನ ಮಾಡಿ, ಅಲ್ಲಿ ಸಿಗಬಹುದಾದದ್ದು ಸುಮಾರು 9.55 ಟಿಎಂಸಿ ಎಂದಿತು. ಇಷ್ಟು ದೊಡ್ಡ ಅಂತರವಿದ್ದರೆ ಮೊದಲು ಮಾಡಬೇಕಾದದ್ದು ಅಳತೆ. ಆದರೆ ಬಿಜೆಪಿ ಸರ್ಕಾರ 2012ರಲ್ಲಿ ಒಪ್ಪಿಗೆ ಕೊಟ್ಟಿತು, ಕಾಂಗ್ರೆಸ್ ಸರ್ಕಾರ 2014ರಲ್ಲಿ ಶಂಕುಸ್ಥಾಪನೆ ಮಾಡಿತು, ಅಂದಾಜು ವೆಚ್ಚ 8,323 ಕೋಟಿಯಿಂದ 12,912 ಕೋಟಿಗೆ, ಅಲ್ಲಿಂದ 23,251 ಕೋಟಿ ರೂಪಾಯಿಗೆ ಏರಿತು. ಪ್ರಶ್ನೆ ಕೇಳಿದ ವಿಜ್ಞಾನಿಗಳು ಬಯಲುಸೀಮೆಯ ವಿರೋಧಿಗಳೆನಿಸಿಕೊಂಡರು. ಇದು ಅನ್ಯಾಯ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜ, ಅದಕ್ಕೇ ನೀರಿನ ಲೆಕ್ಕ ಸರಿಯಾಗಿರಬೇಕು. ಈ ಯೋಜನೆಯ ನಾಲೆ ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ಕೊರಟಗೆರೆ ತಾಲ್ಲೂಕಿನ ಭೈರಗೊಂಡ್ಲು ಭಾಗದ ರೈತರು ಜಲಾಶಯಕ್ಕೆ ಜಮೀನು ಕೊಡುವ ಪ್ರಶ್ನೆಯಲ್ಲಿ ವರ್ಷಗಟ್ಟಲೆ ತೊಳಲಾಡಿದ್ದಾರೆ.

ಪಶ್ಚಿಮಘಟ್ಟದ ಸಂರಕ್ಷಣೆಗೆಂದು ಬಂದ ವರದಿಗಳ ಗತಿಯೂ ಇದೇ. 2011ರ ಗಾಡ್ಗೀಳ್ ವರದಿ ಮೂಲೆಗೆ ಬಿತ್ತು. ಅದನ್ನು ಮೃದುಗೊಳಿಸಿದ 2013ರ ಕಸ್ತೂರಿರಂಗನ್ ವರದಿಯೂ ಬೇಡವೆಂದು ಕರ್ನಾಟಕದ ಬಿಜೆಪಿ ಸರ್ಕಾರವೂ ಹೇಳಿತು, ಕಾಂಗ್ರೆಸ್ ಸರ್ಕಾರವೂ ಹೇಳಿತು. ವಯನಾಡಿನ ಭೂಕುಸಿತದ ಮರುದಿನ, 2024ರ ಜುಲೈ 31ರಂದು, ಕೇಂದ್ರ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶಗಳನ್ನು ಗುರುತಿಸುವ ಆರನೆಯ ಕರಡು ಅಧಿಸೂಚನೆ ಹೊರಡಿಸಿತು. ರಾಜ್ಯದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಮಲೆನಾಡಿನ ಜನರ ಆತಂಕವನ್ನು ತಳ್ಳಿಹಾಕಲಾಗದು, ಅವರೊಂದಿಗೆ ಕೂತು ಮಾತಾಡದೆ ಗಡಿ ಗುರುತಿಸಿದ್ದು ತಪ್ಪೇ. ಆದರೆ ಮೂಡಿಗೆರೆ, ಸಕಲೇಶಪುರದ ಊರುಗಳೂ ಆ ಪಟ್ಟಿಯಲ್ಲಿದ್ದವು. ಹೇಮಾವತಿಯ ತಲೆಯ ಮೇಲಿನ ಕಾಡಿನ ಭವಿಷ್ಯ ತೀರ್ಮಾನವಾಗುತ್ತಿದ್ದಾಗ ಹೇಮಾವತಿಗಾಗಿ ಬೀದಿಗಿಳಿಯುವ ತುಮಕೂರು ಜಿಲ್ಲೆಯಿಂದ ಒಂದು ಗಟ್ಟಿ ದನಿ ಏಳಲಿಲ್ಲ. ಇದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ.

ಬರದ ಘೋಷಣೆಯಲ್ಲೂ ವಿಜ್ಞಾನ ಮತ್ತು ರಾಜಕಾರಣ ಹೆಣೆದುಕೊಂಡಿವೆ. 2016ರ ಕೇಂದ್ರ ಕೈಪಿಡಿಯ ಪ್ರಕಾರ ಮಳೆ ಕೊರತೆ, ಒಣ ಅವಧಿ, ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರು, ಮಣ್ಣಿನ ತೇವ ಎಲ್ಲವನ್ನೂ ಅಳೆದು, ಹಳ್ಳಿಗೆ ಹೋಗಿ ಬೆಳೆ ನೋಡಿ ಬರ ಸಾರಬೇಕು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. ಆಗ ಕಂದಾಯ ಸಚಿವ ಕೃಷ್ಣ ಬೈರೇಗೌಡ 'ಹಸಿರು ಬರ'ದ ಮಾತೆತ್ತಿದರು: ಹೊಲ ನೋಡಿದರೆ ಹಸಿರು, ಪೈರಿನಲ್ಲಿ ಕಾಳಿಲ್ಲ. ರಾಗಿ ಬೆಳೆದ ಯಾರಿಗಾದರೂ ಅದು ಅರ್ಥವಾಗುವ ಮಾತು. ಆದರೆ ಚರ್ಚೆ ಅಲ್ಲಿ ನಿಲ್ಲಲಿಲ್ಲ. ರಾಜ್ಯ 18,171 ಕೋಟಿ ರೂಪಾಯಿ ಕೇಳಿತು, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, ಲೋಕಸಭಾ ಚುನಾವಣೆಯ ನಡುವೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆ ಮಾಡಿತು. ಪರಿಹಾರದ ಹಣ ಯಾರ ಕೃಪೆ ಎಂಬುದೇ ವಿಷಯವಾಗಿ, ಹಸಿರು ಬರ ಮತ್ತೆ ಬಂದರೆ ಏನು ಬಿತ್ತಬೇಕು ಎಂಬ ಪ್ರಶ್ನೆ ಮುಳುಗಿತು. ಪಾಠಪುಸ್ತಕದಲ್ಲೂ ಇದೇ ಉದಾಸೀನ: ಅಷ್ಟರಲ್ಲಾಗಲೇ ಎನ್‌ಸಿಇಆರ್‌ಟಿ ಹನ್ನೊಂದನೇ ತರಗತಿಯ ಭೂಗೋಳ ಪುಸ್ತಕದಿಂದ ಹಸಿರುಮನೆ ಪರಿಣಾಮದ ಪಾಠವನ್ನು ಹೊರೆ ತಗ್ಗಿಸುವ ಹೆಸರಲ್ಲಿ ತೆಗೆದಿತ್ತು. ಮಕ್ಕಳ ಹೊರೆ ತಗ್ಗಿಸಲು ಬೇರೆ ಪಾಠ ಸಿಗಲಿಲ್ಲವೇ?

ಇನ್ನು ಹವಾಮಾನದ ಹೆಸರಲ್ಲಿ ನಮ್ಮಲ್ಲೇ ಆದ ಕೆಲಸವನ್ನು ನೋಡಿ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ನಮ್ಮ ಜಿಲ್ಲೆ ದೇಶಕ್ಕೆ ಕೊಟ್ಟ ದೊಡ್ಡ ಕೊಡುಗೆ ಅದು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಸಿಕ್ಕಿತು, ಜಮೀನಿಲ್ಲದ ಕೂಲಿಯವರಿಗೆ ಹೊಲದ ಕೆಲಸ ಹೋಯಿತು. ಹವಾಮಾನದ ಹೆಸರಿನ ಕೆಲಸ ಬಡವರ ಕೈ ಬಿಟ್ಟರೆ ಹವಾಮಾನದ ಮಾತಿನ ಮೇಲೇ ಜನರಿಗೆ ನಂಬಿಕೆ ಹೋಗುತ್ತದೆ.

ಉದಾಸೀನ ಮುರಿಯುವ ಜಾಗಗಳೂ ಇವೆ, ಅವುಗಳನ್ನು ಹತ್ತಿರದಿಂದ ನೋಡಬೇಕು. ಗ್ರಾಮ ಪಂಚಾಯಿತಿ ಕಚೇರಿಗಳ ಬಳಿ ನೀವು ಒಂದು ಪುಟ್ಟ ಮಳೆಮಾಪಕವನ್ನು ನೋಡಿರಬಹುದು. ಪಕ್ಕದಲ್ಲಿ ಅಂಗೈಯಗಲದ ಸೌರ ಫಲಕ. ಹದಿನೈದು ನಿಮಿಷಕ್ಕೊಮ್ಮೆ ಅದು ಯಲಹಂಕದ ಉಸ್ತುವಾರಿ ಕೇಂದ್ರಕ್ಕೆ ಮಾಹಿತಿ ಕಳಿಸುತ್ತದೆ. ಮೊದಲೆಲ್ಲ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಡಿಕೆ, ಮಾವಿನಂಥ ಬೆಳೆಗೆ ಹವಾಮಾನ ಆಧಾರಿತ ವಿಮೆ ಬಂದು, ಪರಿಹಾರ ಆ ಮಾಪಕದ ಅಂಕಿಯ ಮೇಲೆ ನಿಂತಾಗ ರೈತರು ಮಿಲಿಮೀಟರ್ ಓದಲು ಕಲಿತರು. ವಿಮೆಯ ಮೊತ್ತದ ಶೇ 5ರಷ್ಟು ಕಂತು ಕಟ್ಟಿದವನು ನಮ್ಮ ಪಂಚಾಯಿತಿಯ ಮಾಪಕ ಸರಿಯಿದೆಯೇ, ಬಾಯಿಗೆ ಎಲೆ ಬಿದ್ದು ಕಟ್ಟಿಕೊಂಡಿದೆಯೇ ಎಂದು ವಿಚಾರಿಸುತ್ತಾನೆ. ಅಂಕಿ ಬದುಕಿಗೆ ತಾಗಿದರೆ ಜನ ವಿಜ್ಞಾನವನ್ನು ಹಿಡಿದು ಕೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿ ಇನ್ನೊಂದು. ಬದಲಾಗುವ ಹವೆಗೆ ಹೊಂದುವ ಕೃಷಿಗಾಗಿ ಕೇಂದ್ರ 2011ರಲ್ಲಿ ಆರಂಭಿಸಿದ 'ನಿಕ್ರಾ' ಯೋಜನೆಗೆ ಆಯ್ಕೆಯಾದ ಊರು ಅದು. ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅಲ್ಲಿ ಮಳೆನೀರು ಹಿಡಿಯುವುದು, ತಳಿ ಬದಲಿಸುವುದನ್ನು ರೈತರ ಹೊಲದಲ್ಲೇ ಮಾಡಿ ತೋರಿಸಿದರು. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸನ್ನು ಗುರುತಿಸಿ ಸಸಿ ಮಾಡಿ ಹರಡಿದ್ದೂ ಹಿರೇಹಳ್ಳಿಯ ತೋಟಗಾರಿಕಾ ಕೇಂದ್ರವೇ. ಕಡಿಮೆ ನೀರಿನಲ್ಲಿ ಬದುಕುವ ಮರ, ರೈತನಿಗೆ ಆದಾಯ. ಇಂಥ ಕೆಲಸಕ್ಕೆ ಪಕ್ಷದ ಬಣ್ಣ ಬಳಿಯಲು ಯಾರಿಂದಲೂ ಆಗಿಲ್ಲ. ಆದರೆ ಒಂದು ಊರಿನ ಪ್ರಯೋಗ ಹತ್ತು ತಾಲ್ಲೂಕುಗಳ ನೀತಿಯಾಗಲು ಬೇಕಾದ ರಾಜಕೀಯ ಒತ್ತಾಯ ಇನ್ನೂ ಹುಟ್ಟಿಲ್ಲ.

ಆ ಒತ್ತಾಯ ನಮ್ಮಿಂದಲೇ ಬರಬೇಕು. ಲಿಂಕ್ ಕೆನಾಲ್ ಪರವಿರುವವರಾಗಲಿ ವಿರೋಧಿಸುವವರಾಗಲಿ, ಸರ್ಕಾರವನ್ನು ಕೇಳಬೇಕಾದದ್ದು ಒಂದೇ ಕಾಗದ: ಗೊರೂರು ಜಲಾಶಯಕ್ಕೆ ಕಳೆದ ನಲವತ್ತು ವರ್ಷ ಪ್ರತಿವರ್ಷ ಬಂದ ನೀರು, ಮುಂದೆ ಬರಬಹುದಾದ ನೀರಿನ ವಿಜ್ಞಾನಿಗಳ ಅಂದಾಜು, ಮತ್ತು 2023ರಂಥ ವರ್ಷ ಮರಳಿದರೆ ತುಮಕೂರು ನಗರದ ಕುಡಿಯುವ ನೀರಿಗೆ ಎಷ್ಟು, ಗುಬ್ಬಿಗೆ ಎಷ್ಟು, ಕುಣಿಗಲ್‌ಗೆ ಎಷ್ಟು ಎಂಬ ತಾಲ್ಲೂಕುವಾರು ಪಟ್ಟಿ. ಅದು ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಇರಬೇಕು. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಪಂಚಾಯಿತಿ ಮಾಪಕದ ಮಳೆ ಲೆಕ್ಕವನ್ನು ಓದಿ ಹೇಳುವಂತೆ ಕೇಳಿ, ಮತ ಕೇಳಲು ಬಂದವರ ಮುಂದೆ ಆ ತಾಲ್ಲೂಕುವಾರು ಪಟ್ಟಿಯ ಬೇಡಿಕೆ ಇಡಿ.